ಓಡದೆ ನಿಂತ ತಾಯಿಹಡಗು

ಅರಸೀಕೆರೆ
14 ಜುಲೈ 2024

ಪ್ರೀತಿಯ ಲತಾ,

ಬೆಳಿಗ್ಗೆ ನಿನ್ನ ಪತ್ರವನ್ನು ಇನ್ನೊಮ್ಮೆ ತೆಗೆದಾಗ ಲಕೋಟೆಯ ಮೇಲಿನ ವಿಳಾಸ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಬರೆದ ನಮ್ಮೂರ ಹೆಸರಿನಲ್ಲಿ ಐ ಅಕ್ಷರದ ಮೇಲೆ ಚುಕ್ಕೆ ಇರಬೇಕಾದ ಕಡೆ ಒಂದು ಪುಟ್ಟ ಸೊನ್ನೆ. ನೀನು ಸೊನ್ನೆ ಇರಲಿ, ಚುಕ್ಕೆಯನ್ನೇ ನೆಟ್ಟಗೆ ಇಡುವವಳಲ್ಲ. ಒಳಗಿನ ಪತ್ರ ನಿನ್ನದೇ ಕೈಬರಹ. ವಿಳಾಸ ಯಾರದು? ಸುಮ್ಮನೆ ಕೇಳಿದೆ.

ನಿನ್ನೆ ಮಧ್ಯಾಹ್ನ ಆಟದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಕೊಂಡು ಕೂತಿದ್ದೆ. ತೆಂಗಿನಕಾಯಿ ಮಂಡಿಯಿಂದ ಊಟಕ್ಕೆ ಬಂದ ಅಪ್ಪಾಜಿ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಏನಮ್ಮ ಇದು, ಲೇಔಟ್ ಪ್ಲ್ಯಾನಾ? ಯಾವ ಕಡೆ ಸೈಟು?"

"ಸೈಟಲ್ಲ ಅಪ್ಪಾಜಿ, ಹಳೇಬೀಡಿನ ಕೆರೆ. ನಾನೂ ಲತಾಮಣಿನೂ ಇದರಲ್ಲಿ ಯುದ್ಧ ಮಾಡ್ತಿದ್ದೀವಿ."

"ಬೇಲೂರಿನ ದ್ಯಾವಯ್ಯ ಮೇಷ್ಟ್ರ ಮಗಳಾ? ಅವಳಿಗೆ ಸರ್ಕಾರದೋರು ನಿಜವಾದ ಹಡಗೇ ಕೊಟ್ಟವ್ರಲ್ಲಮ್ಮ. ಕೆರೆ ಯಾಕೆ ಬೇಕು ಅವಳಿಗೆ?"

ಹಾಸನದ ಹಾಸ್ಟೆಲಿನಲ್ಲಿ ಯುದ್ಧನೌಕೆಗಳ ಪುಸ್ತಕಗಳನ್ನು ಓದಿದವಳು ನಾನು. ಈ ಆಟ ಕಟ್ಟಿದವಳೂ ನಾನು. ಎರಡನೇ ವರ್ಷ ಬಿ.ಎ. ಬಿಟ್ಟು ಹಡಗು ಹತ್ತಿದವಳು ನೀನು. ನಾನು ಇವತ್ತಿಗೂ ಸಮುದ್ರ ನೋಡಿಲ್ಲ. ಇದನ್ನೆಲ್ಲ ಅಪ್ಪಾಜಿಗೆ ಹೇಳುವುದು ಹೇಗೆ? ಅದಕ್ಕೇ ಆಟದ ನಿಯಮಗಳನ್ನು ಹೇಳಿದೆ. ಹತ್ತು ಸಾಲು, ಹತ್ತು ಮನೆ. ಅಡ್ಡಕ್ಕೆ ಅ ಆ ಇ ಈ ಉ ಊ ಎ ಏ ಐ ಒ, ಕೆಳಕ್ಕೆ ಅಂಕಿ. ಒಬ್ಬೊಬ್ಬರಿಗೆ ಐದು ಹಡಗು, ಅದರಲ್ಲಿ ಒಂದು ತಾಯಿಹಡಗು. ಅದು ಮುಳುಗಿದರೆ ಆಟ ಮುಗಿಯಿತು. ಯಾರ ಹಡಗು ಎಲ್ಲಿದೆ ಎಂದು ಇನ್ನೊಬ್ಬರಿಗೆ ಕಾಣದು. ಪತ್ರಕ್ಕೆ ಒಂದೇ ಗುಂಡು. ಪತ್ರಕ್ಕೆ ಒಂದು ಹಡಗನ್ನು ಒಂದು ಮನೆ ಸರಿಸಬಹುದು. ಎದುರಾಳಿ ಹೊಡೆದ ಮನೆಯಲ್ಲಿ ಏನೂ ಇಲ್ಲದಿದ್ದರೆ 'ನೀರು' ಎಂದು ಬರೆಯಬೇಕು. ಪಕ್ಕದ ಮನೆಯಲ್ಲಿ ಹಡಗಿದ್ದರೆ 'ಅಲೆ', ತಾಯಿಹಡಗಿದ್ದರೆ 'ದೊಡ್ಡ ಅಲೆ'. ಹಡಗಿಗೇ ತಗುಲಿದರೆ 'ಬಿತ್ತು'. ಫೋನಿನಲ್ಲಿ ಆಟದ ಮಾತು ಕೂಡದು.

"ಸುಳ್ಳು ಬರೆದರೆ?" ಎಂದರು ಅಪ್ಪಾಜಿ.

"ಬರೆಯಲ್ಲ."

"ನೀನು ಬರೆಯಲ್ಲ ಸರಿ. ಆ ಕಡೆಯೋರು?"

"ಅವಳೂ ಬರೆಯಲ್ಲ ಅಪ್ಪಾಜಿ."

ಅಷ್ಟೇ ಧೈರ್ಯದಿಂದ ಹೇಳಿದೆ. ಈಗ ಆಟ. ಹೋದ ಸಲ ನಾನು ಹೊಡೆದ ಈ-7ಕ್ಕೆ ನೀನು 'ದೊಡ್ಡ ಅಲೆ' ಎಂದು ಬರೆದಿದ್ದೀಯ. ನಿನ್ನನ್ನು ನಾನು ಬಲ್ಲೆ. ದೊಡ್ಡ ಅಲೆ ಎದ್ದ ಕೂಡಲೇ ಪೆನ್ಸಿಲ್ ಕಚ್ಚಿಕೊಂಡು ತಾಯಿಹಡಗನ್ನು ಓಡಿಸುವವಳು ನೀನು, ಅದೂ ಬಲಕ್ಕೆ. ಆದ್ದರಿಂದ ನನ್ನ ಗುಂಡು ಊ-7.

ನಿನ್ನ
ಸಿರಿ


ಹಡಗಿನಿಂದ (ಎಲ್ಲಿ ಎಂದು ಬರೆಯುವ ಹಾಗಿಲ್ಲ)
9 ಆಗಸ್ಟ್ 2024

ಸಿರಿ,

ಊ-7: ದೊಡ್ಡ ಅಲೆ. ಬಲಕ್ಕೆ ಓಡಲಿಲ್ಲ ಕಣೇ.

ವಿಳಾಸ ಬರೆದದ್ದು ಬಿನ್ಸಿ. ಟಪಾಲು ಚೀಲ ಕಟ್ಟುವ ಹೊತ್ತಿಗೆ ನಾನು ಡ್ಯೂಟಿಯಲ್ಲಿದ್ದೆ, ಅವಳೇ ಬರೆದು ಹಾಕಿದಳು. ಕೇರಳದ ಆಲಪ್ಪುಳದ ಹುಡುಗಿ. ನನ್ನ ಮೇಲಿನ ಬಂಕಿನಲ್ಲಿ ಮಲಗುತ್ತಾಳೆ. ಮೊದಲ ತಿಂಗಳು ನಾನು ವಾಂತಿ ಮಾಡಿಕೊಂಡು ಬಿದ್ದಿದ್ದಾಗ ತಲೆ ಹಿಡಿದವಳು ಅವಳೇ. ಈಗ ಡ್ಯೂಟಿ ಮುಗಿಸಿ ಬಂದರೆ ಇಬ್ಬರಿಗೂ ಒಂದೇ ತಟ್ಟೆ. ಎರಡು ತೊಳೆಯುವುದು ಯಾಕೆ ಅನ್ನುತ್ತಾಳೆ ಸೋಮಾರಿ.

ನಿನಗೆ ನಗು ಬರುವ ವಿಷಯ ಒಂದಿದೆ. ಅವಳು ಕನ್ನಡ ಕಲಿಯುತ್ತಿದ್ದಾಳೆ. ಅ ಆ ಇ ಈ ಬರುತ್ತೆ, ಉ ಊ ಹತ್ತಿರ ಬಂದು ನಿಂತಿದ್ದಾಳೆ. 'ಈ' ಬರೆಯುವಾಗ ನಾಲಿಗೆ ಹೊರಗೆ ಬರುತ್ತೆ. ನಮ್ಮ ನಕ್ಷೆ ನೋಡಿ ಇದೇನು ಎಂದು ಕೇಳಿದಳು, ಹೇಳಿದೆ.

ನಾನು ಕೂರುವುದು ಕಿಟಕಿಯೇ ಇಲ್ಲದ ಕೋಣೆಯಲ್ಲಿ, ರಡಾರ್ ಪರದೆಯ ಮುಂದೆ. ನೀನು ತಿಳಿದಷ್ಟು ಸಮುದ್ರ ನನಗೂ ಕಾಣುವುದಿಲ್ಲ. ಜಾಸ್ತಿ ಬರೆಯಬಾರದು.

ನನ್ನ ಗುಂಡು ಎ-3.

ಲತಾ


ಅರಸೀಕೆರೆ
19 ಆಗಸ್ಟ್ 2024

ಲತಾ,

ಎ-3: ಬಿತ್ತು. ನನ್ನ ಜಲಾಂತರ್ಗಾಮಿ ಮುಳುಗಿತು. ಆರು ತಿಂಗಳಿಂದ ಆ ಮನೆಯಲ್ಲಿ ಉಸಿರು ಬಿಗಿಹಿಡಿದು ಕೂತಿತ್ತು. ನೀನು ಹುಟ್ಟಿದ ದಿನದ ಅಂಕಿ, ಬಸ್ ಟಿಕೆಟ್ಟಿನ ಅಂಕಿ ಅಂತ ಹೊಡೆಯುವವಳು. ಎ-3 ಯಾವ ಅಂಕಿ?

ಬಿನ್ಸಿ ಕನ್ನಡ ಕಲಿಯುತ್ತಿರುವುದು ಸಂತೋಷ. ಸಾಮಾನ್ಯವಾಗಿ ಹೊಸಬರು 'ಊಟ', 'ನೀರು', 'ಎಷ್ಟು' ಇವುಗಳಿಂದ ಕಲಿಯುತ್ತಾರೆ. ಅ ಆ ಇ ಈ ಉ ಊ ಬೇಕಾಗುವುದು ಒಂದನೇ ಕ್ಲಾಸಿಗೆ, ಅದು ಬಿಟ್ಟರೆ ನಮ್ಮ ನಕ್ಷೆಗೆ.

ನಿನ್ನ ಉತ್ತರ ಬಂದ ದಿನ ಅಪ್ಪಾಜಿ ಊಟ ಮಾಡುವುದಕ್ಕೂ ಮೊದಲು ನಕ್ಷೆ ಕೇಳಿದರು. ಈಗ ಅವರಿಗೂ ಇದರ ಹುಚ್ಚು. ಬೆರಳಿಟ್ಟು ನೋಡಿ ಹೇಳಿದರು:

"ಈ-7ಕ್ಕೆ ದೊಡ್ಡ ಅಲೆ. ಊ-7ಕ್ಕೂ ದೊಡ್ಡ ಅಲೆ. ಅಂದ್ರೆ ಹಡಗು ಮಧ್ಯದಾಗೆ ಐತೆ, ಉ-7ರಲ್ಲಿ. ಅಲುಗೇ ಇಲ್ಲ. ಹೊಡಿ ಅತ್ತ."

"ಅವಳು ಅಲುಗದೆ ಇರೋಳಲ್ಲ ಅಪ್ಪಾಜಿ. ಇದು ಅವಳ ಆಟ ಅಲ್ಲ."

ಅಪ್ಪಾಜಿ ಕೈ ತೊಳೆದು ಬಂದು ಪಕ್ಕದಲ್ಲಿ ಕೂತರು. ಮೊದಲೆಲ್ಲ ಮಂಡಿಯಲ್ಲಿ ಇಬ್ಬರು ವ್ಯಾಪಾರಿಗಳು ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಿದ್ದರಂತೆ. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಈಗ ಎಲ್ಲ ಕಂಪ್ಯೂಟರ್ ಟೆಂಡರು.

"ಕಣ್ಣು ಮುಚ್ಕೊಂಡು ಹೇಳ್ತಿದ್ದೆ ಕಣಮ್ಮ, ಇದು ಸಿದ್ದಬಸಪ್ಪನ ಕೈ, ಇದು ಅವನ ಮಗಂದು ಅಂತ. ಅಪ್ಪ ದರ ಮಾತಾಡಿ, ನಡುವೆ ಮಗ ಕೈ ತೂರಿಸಿದ್ರೆ ಟವೆಲ್ ಕೊಡವಿ ಎದ್ದು ಬರ್ತಿದ್ದೆ."

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾನು ಟವೆಲ್ ಕೊಡವಿಲ್ಲ. ಉ-7ಕ್ಕೆ ಹೊಡೆಯುತ್ತಲೂ ಇಲ್ಲ, ಅಷ್ಟರಲ್ಲಿ ಹಡಗು ಅಲ್ಲಿಂದ ಹೋಗಿರುತ್ತದೆ. ನನ್ನ ಗುಂಡು ಆ-2.

ಸಿರಿ


ಅರಸೀಕೆರೆ
8 ಸೆಪ್ಟೆಂಬರ್ 2024

ಲತಾ,

ನಿನ್ನ ಪತ್ರ ಬಂದಿಲ್ಲ. ಇದು ಆಟದ ಪತ್ರವಲ್ಲ, ಗುಂಡು ಇಲ್ಲ.

ಮೊನ್ನೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ಕೆರೆ ಮುಕ್ಕಾಲು ತುಂಬಿದೆ. ನಾವು ಕೂರುತ್ತಿದ್ದ ಏರಿಯ ಮೇಲೆ ಯಾರೋ ದನ ಕಟ್ಟಿದ್ದರು. ಈ ಕೆರೆಗೆ ದೋರಸಮುದ್ರ ಎಂದು ಹೆಸರಿಟ್ಟವರು ಯಾವ ಸಮುದ್ರವನ್ನು ಕಂಡಿದ್ದರೋ ಎಂದು ನೀನು ಕೇಳುತ್ತಿದ್ದೆ. ಈಗ ನಿನಗೆ ಹೋಲಿಸಿ ನೋಡಬಹುದು. ನನಗೆ ಇದೊಂದೇ.

ಅಲ್ಲಿಂದ ಬೇಲೂರಿಗೆ, ನಿಮ್ಮ ಮನೆಗೆ ಹೋದೆ. ನಿನ್ನ ಸುದ್ದಿ ಕೇಳಲು ಎಂದು ಹೇಳಲು ನಾಚಿಕೆಯಾಗಿ ಯಾವುದೋ ಪುಸ್ತಕದ ನೆಪ ಹೇಳಿದೆ. ನಿಮ್ಮಮ್ಮ ಬಾಗಿಲಲ್ಲೇ ನಕ್ಕರು.

"ಬಂದ್ರಾ ಕೆರೆ ಹಡಗಿನ ಯಜಮಾನಮ್ಮ. ನಮ್ಮ ಸಮುದ್ರದ ಯಜಮಾನಮ್ಮ ಫೋನೂ ಮಾಡಕಿಲ್ಲ, ಕಾಗ್ದನೂ ಇಲ್ಲ."

"ಒಂದು ಸಲಾನೂ ಮಾಡಿಲ್ವಾ ಮುದ್ದಮ್ಮ?"

"ಹೋದ ತಿಂಗಳು ದಡಕ್ಕೆ ಬಂದಾಗ ಒಂದು ಕಿತ ಮಾಡಿದ್ಲು. ಆಮ್ಯಾಕೆ ಆ ಕೇರಳದ ಮಗೀಗೆ ಫೋನ್ ಕೊಟ್ಲು. ಅದು 'ಅಮ್ಮಾ ಊಟ ಆಯ್ತಾ' ಅಂತು ಕಣವ್ವ. ನಂಗೆ ನಗು ತಡೀನಾರ್ದೆ ಹೋಯ್ತು. ಎಷ್ಟು ಮುದ್ದಾಗಿ ಅಂತದೆ."

ಆಮೇಲೆ ತಟ್ಟೆ ತರುವುದಕ್ಕೆ ಎದ್ದವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀವು ನಮ್ಮನೇಲಿ ಉಣ್ತೀರೇನವ್ವ?" ಎಂದು ಕೇಳಿದರು. ಹೂಂ ಎಂದೆ. ಮುದ್ದೆ, ಅವರೆಕಾಳಿನ ಸಾರು. ಎರಡು ಸಲ ಬಡಿಸಿಕೊಂಡು ಉಂಡೆ. ಆದರೆ ಬಿನ್ಸಿ ಬಂದರೆ ಅವರು ಹಾಗೆ ಕೇಳುವುದಿಲ್ಲ ಎಂದು ಉಣ್ಣುವಷ್ಟು ಹೊತ್ತೂ ಅನ್ನಿಸುತ್ತಿತ್ತು. ನಮ್ಮ ಮನೆಗೆ ನೀನು ಬಂದಾಗಲೆಲ್ಲ ನಾವು ಜಗುಲಿಯ ಮೇಲೇ ಕೂತು ಆಡಿದೆವು. ಗಾಳಿ ಚೆನ್ನಾಗಿದೆ ಎಂದು ನೀನೇ ಅನ್ನುತ್ತಿದ್ದೆ.

ಬರೆ.

ಸಿರಿ


ಹಡಗಿನಿಂದ
21 ಸೆಪ್ಟೆಂಬರ್ 2024

ಸಿರಿ,

ಎರಡು ಪತ್ರವೂ ಒಟ್ಟಿಗೇ ಸಿಕ್ಕವು. ತುಂಬ ಕೆಲಸ. ಒಂದು ದೊಡ್ಡ ತಾಲೀಮು ನಡೆಯುತ್ತಿದೆ. ನಮ್ಮ ಹಡಗುಗಳೇ ಎರಡು ಪಕ್ಷವಾಗಿ ಒಬ್ಬರನ್ನೊಬ್ಬರು ಹುಡುಕುವ ಯುದ್ಧದಾಟ. ಉಳಿದದ್ದು ಇನ್ನೊಮ್ಮೆ.

ಆ-2: ನೀರು.

ನನ್ನ ಗುಂಡು ಒ-9.

ಅಮ್ಮನ ಮನೆಯಲ್ಲಿ ಉಂಡದ್ದಕ್ಕೆ ನಿನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಲತಾ


ಅರಸೀಕೆರೆ
4 ಅಕ್ಟೋಬರ್ 2024

ಲತಾ,

ಒ-9: ನೀರು.

ನಿನ್ನ ಪತ್ರ ಅರ್ಧ ಹಾಳೆ. ನಾನು ಕೇಳಿದ್ದಕ್ಕೆ ಅದರಲ್ಲಿ ಉತ್ತರವಿಲ್ಲ. ನಾನು ನೇರವಾಗಿ ಕೇಳಿರಲಿಲ್ಲ ಎನ್ನಬಹುದು. ಈಗ ನೇರವಾಗಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಬೇಕಾಗಿದ್ದರೆ ಈ ಜನ್ಮದಲ್ಲಿ ಆಗುತ್ತಿರಲಿಲ್ಲ.

ಆಡುತ್ತಿರುವುದು ಬಿನ್ಸಿ. ನೀನು ಬರೆದು ಕಳಿಸುತ್ತಿದ್ದೀಯ, ಅಷ್ಟೇ.

ಪಿಯುಸಿಯಿಂದ ನಾಲ್ಕು ವರ್ಷ ನಿನ್ನ ಎದುರು ಕೂತು ಆಡಿದವಳು ನಾನು. ನೀನು ಮೂಲೆಗೆ ಓಡುತ್ತೀಯ. ಬೇಕಿಲ್ಲದ ಕಡೆ ಗುಂಡು ಹಾರಿಸಿ ನಗುತ್ತೀಯ. ಸೋಲುವಾಗ ನಿಯಮ ಬದಲಾಯಿಸಲು ನೋಡುತ್ತೀಯ. ಈಗ ಆಡುತ್ತಿರುವವರು ಓಡುವುದಿಲ್ಲ, ನಗುವುದಿಲ್ಲ. ಎರಡೂ ಪಕ್ಕದಲ್ಲಿ ಅಲೆ ಎದ್ದರೂ ತಾಯಿಹಡಗನ್ನು ನಡುನೀರಿನಲ್ಲಿ ಹಾಗೇ ನಿಲ್ಲಿಸುತ್ತಾರೆ. ಅದು ಬೇರೆ ಎದೆಯವರ ಆಟ. ಅವಳು ಸಮುದ್ರದ ದಡದಲ್ಲಿ ಹುಟ್ಟಿದವಳು. ಇರಬಹುದು.

ತಲೆ ಹಿಡಿದದ್ದು ಅವಳು. ತಟ್ಟೆ ಅವಳದು. ನಿಮ್ಮಮ್ಮನಿಗೆ ಊಟ ಆಯ್ತಾ ಎನ್ನುವವಳೂ ಅವಳೇ. ಇದ್ಯಾವುದನ್ನೂ ನಾನು ಕೇಳಿಲ್ಲ. ಈ ಹತ್ತು ಸಾಲಿನ ಹಾಳೆಯೊಂದು ನನ್ನದಾಗಿತ್ತು. ಅದನ್ನು ಕೊಡುವುದಾದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು.

ನನ್ನ ಗುಂಡು ಉ-8. ತಾಯಿಹಡಗು ಇನ್ನೂ ಪಕ್ಕದ ಉ-7ರಲ್ಲೇ ನಿಂತಿದ್ದರೆ ಆಡುತ್ತಿರುವುದು ನೀನಲ್ಲ ಎಂದು ಖಚಿತವಾಗುತ್ತದೆ.

ಸಿರಿ


ಹಡಗಿನಿಂದ
24 ಅಕ್ಟೋಬರ್ 2024

ಸಿರಿ,

ಉ-8: ದೊಡ್ಡ ಅಲೆ.

ನಿನ್ನ ಪತ್ರ ಓದಿ ಮೊದಲು ಹರಿದುಹಾಕಬೇಕು ಅನ್ನಿಸಿತು. ಬಿನ್ಸಿ ಕೈಯಿಂದ ಕಿತ್ತಿಟ್ಟಳು. ಅವಳಿಗೆ ಓದಲು ಬರುವುದಿಲ್ಲ, ಹೆದರಬೇಡ. ಅವಳ ಕನ್ನಡ ಇನ್ನೂ 'ಏ' ಹತ್ತಿರ ಇದೆ.

ಆಡಿದ್ದು ನಾನು. ಒಂದೊಂದು ನಡೆಯೂ ನನ್ನದೇ. ಜುಲೈಯಿಂದ ಅವಳು ದಿನಾ ಕೇಳುತ್ತಾಳೆ, ಆ ಆಟ ನನಗೂ ಕಲಿಸು ಎಂದು. ಅಕ್ಷರ ಕಲಿತದ್ದೂ ಅದಕ್ಕೇ. ಇದು ನನ್ನದಲ್ಲ, ನನ್ನ ಗೆಳತಿಯದು, ಕೊಡುವ ಹಕ್ಕು ನನಗಿಲ್ಲ ಎಂದು ಹೇಳಿ ನಕ್ಷೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅವಳಿಗೆ ಸಿಟ್ಟು ಬಂದು ಎರಡು ದಿನ ಬೇರೆ ತಟ್ಟೆಯಲ್ಲಿ ಉಂಡಳು.

ನೀನು ಹೇಳಿದ ಹುಡುಗಿ ನಾನೇ, ಪೆನ್ಸಿಲ್ ಕಚ್ಚುವವಳು, ಮೂಲೆಗೆ ಓಡುವವಳು. ಮೊದಲ ತಾಲೀಮಿನ ದಿನ ಸೈರನ್ ಆದಾಗ ಕುರ್ಚಿ ಬಿಟ್ಟು ಎದ್ದಿದ್ದೆ. ನಮ್ಮ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು ಕೂರಿಸಿ, "ಪರದೆ ನೋಡು, ಗಾಬರಿಬಿದ್ದು ತಿರುಗಿದ ಹಡಗೇ ಮೊದಲು ಕಣ್ಣಿಗೆ ಬೀಳೋದು" ಎಂದರು. ಅವತ್ತಿನಿಂದ ನೋಡುತ್ತಾ ಇದ್ದೇನೆ. ಎಂಟು ಗಂಟೆ ಕೂತು ಚುಕ್ಕೆಗಳನ್ನು ನೋಡಿದವಳಿಗೆ ಹಾಸ್ಟೆಲಿನಲ್ಲಿ ಆಡಿದ ಹಾಗೆ ಆಡಲು ಆಗುತ್ತಾ ಹೇಳು. ನಾನು ಬದಲಾಗಿದ್ದೇನೆ. ಅದನ್ನು ನಿನಗೆ ಬರೆಯಲಿಲ್ಲ, ಬರೆದರೆ ನೀನು ದೂರ ಆಗುತ್ತೀಯ ಅನ್ನಿಸಿತು. ನೀನು ಆಟದಲ್ಲೇ ಹಿಡಿದೆ. ಹಿಡಿದು ಅದಕ್ಕೆ ಬೇರೆಯವಳ ಹೆಸರಿಟ್ಟೆ.

ನಿನಗೆ ಮಾತ್ರ ಹೊಟ್ಟೆಕಿಚ್ಚು ಎಂದು ತಿಳಿಯಬೇಡ. ನಿಮ್ಮಪ್ಪಾಜಿ ಊಟ ಬಿಟ್ಟು ನಿನ್ನ ನಕ್ಷೆಯ ಮುಂದೆ ಕೂತರು ಎಂದು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ನಮ್ಮಪ್ಪ ಇಷ್ಟು ಜನಕ್ಕೆ ಪಾಠ ಹೇಳಿದ ಮೇಷ್ಟ್ರು, ನನ್ನ ಹಡಗಿನ ಹೆಸರೇನು ಎಂದು ಇವತ್ತಿಗೂ ಕೇಳಿಲ್ಲ.

ಈಗ ತಾಯಿಹಡಗಿನ ಮಾತು. ಊ-7ಕ್ಕೆ ದೊಡ್ಡ ಅಲೆ ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು, ಮುಂದಿನ ಗುಂಡು ಉ-7, ಆಟ ಮುಗಿಯಿತು ಎಂದು. ನೀನು ಆ-2ಕ್ಕೆ ಹೊಡೆದೆ. ಎಲ್ಲಿಯ ಉ-7, ಎಲ್ಲಿಯ ಆ-2. ಆಮೇಲೆ ಉ-8. ಮೂರು ಪಕ್ಕಕ್ಕೂ ಬಂದು ನಡುವಿನ ಮನೆ ಬಿಟ್ಟೆ. ಸಿರಿ, ಕೈ ಬದಲಾಯಿತು ಎಂದು ನನಗೆ ಹೇಳುತ್ತೀಯ. ಸಿಕ್ಕ ಹಡಗನ್ನು ಹೊಡೆಯದೆ ಬಿಡುವ ಸಿರಿ ನನಗೂ ಹೊಸಬಳೇ.

ಓಡಿಸಬಹುದಿತ್ತು. ಮೊದಲು ಗಾಬರಿಯಾಗದೆ ನಿಂತೆ, ಆಮೇಲೆ ನೀನು ಗೆಲ್ಲಲಿ ಎಂದು ನಿಲ್ಲಿಸಿದ್ದೆ. ಯಾಕೆಂದರೆ ಮುಂದಿನ ತಿಂಗಳಿಂದ ನನಗೆ ಟಪಾಲು ಇರುವುದಿಲ್ಲ. ನಾಲ್ಕೈದು ತಿಂಗಳು, ಹೆಚ್ಚೂ ಆಗಬಹುದು. ಎಲ್ಲಿಗೆ ಎಂದು ಕೇಳಬೇಡ. ಆಟ ಅರ್ಧಕ್ಕೆ ನಿಂತರೆ ನೀನು ದಿನಾ ನಕ್ಷೆ ಬಿಡಿಸಿ ಕೂರುತ್ತೀಯ, ಅದು ನನಗೆ ಬೇಡ. ಈ ಪತ್ರಕ್ಕೆ ಕೂಡಲೇ ಬರೆದರೆ ಸಿಗುತ್ತದೆ. ಆಮೇಲೆ ಸಿಗುವುದಿಲ್ಲ.

ನನ್ನ ಗುಂಡು ಇಲ್ಲ.

ಲತಾ


ಅರಸೀಕೆರೆ
2 ನವೆಂಬರ್ 2024

ಪ್ರೀತಿಯ ಲತಾ,

ಮೊದಲು ಗುಂಡು ಬರೆದುಬಿಡುತ್ತೇನೆ. ಪತ್ರದ ಕೊನೆಗೆ ಬಂದರೆ ಧೈರ್ಯ ಇರುವುದಿಲ್ಲ. ಉ-7.

ಈಗಷ್ಟೇ ಅಪ್ಪಾಜಿ ಬಂದು ಕೇಳಿದರು.

"ಹೊಡೆದ್ಯಾ?"

"ಹೊಡೆದೆ."

"ಎಷ್ಟು ದಿನ ಮಾಲು ಹಿಡ್ಕೊಂಡು ಕೂತಿದ್ದೆ ನೋಡು. ನಾನಾಗಿದ್ರೆ ಮಂಡಿ ಮುಚ್ಚಿಸ್ತಿದ್ರು." ಕನ್ನಡಕ ತೆಗೆದಿಟ್ಟು, "ಯಾಕೆ ಹೊಡೀಲಿಲ್ಲಮ್ಮ?" ಎಂದರು.

ನಾನು ಏನೋ ಹೇಳಿ ತಪ್ಪಿಸಿಕೊಂಡೆ. ನಿನಗೆ ಹೇಳುತ್ತೇನೆ. ಆಟ ಮುಗಿದರೆ ಪತ್ರವೂ ಮುಗಿಯುತ್ತದೆ ಎಂದು ತಿಳಿದಿದ್ದೆ. ಉತ್ತರ ಬರೆಯಲೇಬೇಕಾದ ಕಾರಣ ಒಂದು ನಿನ್ನ ಕೈಯಲ್ಲಿ ಸದಾ ಇರಲಿ ಎಂದು ನಿನ್ನ ಹಡಗನ್ನು ಅಲ್ಲೇ ಬಿಟ್ಟಿದ್ದೆ. ನೀನೂ ಅದನ್ನು ಅಲ್ಲೇ ಬಿಟ್ಟಿದ್ದೆ. ಮೂರು ತಿಂಗಳು ಒಂದೇ ಮನೆಯನ್ನು ಇಬ್ಬರೂ ನೋಡುತ್ತಾ ಕೂತಿದ್ದೆವು, ನಾನು ನಿನ್ನನ್ನು ಬೈಯುತ್ತಾ.

ಬಿನ್ಸಿಯ ಬಗ್ಗೆ ಬರೆದದ್ದು ತಪ್ಪು. ಅವಳ ಮೇಲಿನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ, ನಾವು ಸುಳ್ಳು ಬರೆಯುವುದಿಲ್ಲ ಎಂದು ಅಪ್ಪಾಜಿಗೆ ಮಾತು ಕೊಟ್ಟಿದ್ದೇನೆ. ನೀನು ಬದಲಾಗುವುದನ್ನು ದಿನಾ ಎದುರಿನಲ್ಲಿ ನೋಡಿದವಳು ಅವಳು. ನನಗೆ ಎರಡು ಅಲೆಗಳಲ್ಲಿ ಗೊತ್ತಾಗಬೇಕಾಯಿತು. ಹೊಟ್ಟೆಗೆ ಹತ್ತಿದ ಕಿಚ್ಚು ಅಷ್ಟು ಬೇಗ ಆರುವುದಿಲ್ಲ.

ನೀನು ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಉಣ್ಣಬೇಕು, ಒಳಗೆ. ಅಮ್ಮನಿಗೆ ನಿನ್ನೆ ಹೇಳಿದೆ. ಬೇಡ ಎಂದು ಅನ್ನಲಿಲ್ಲ. ಅಪ್ಪಾಜಿ ಪೇಪರ್ ಓದುವುದನ್ನು ಮುಂದುವರಿಸಿದರು. ಅವರು ಒಪ್ಪಿದರೆ ಹಾಗೆಯೇ ಮಾಡುತ್ತಾರೆ.

ಇದರ ಜೊತೆ ಖಾಲಿ ನಕ್ಷೆಯೊಂದಿದೆ, ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದ ಹಾಳೆಯೂ ಇದೆ. ಎರಡೂ ಬಿನ್ಸಿಗೆ. ಹಡಗು ಹೊರಡುವ ಮೊದಲು ಕೊಡು. ನಾಲ್ಕೈದು ತಿಂಗಳು ಅವಳು ತನ್ನ ಐದು ಹಡಗನ್ನು ಎಲ್ಲಿಡುವುದು ಎಂದು ಯೋಚಿಸಲಿ, ಕನ್ನಡದ ಉಳಿದ ಅಕ್ಷರಗಳನ್ನು ಕಲಿಯಲಿ. ದಡಕ್ಕೆ ಬಂದ ಮೇಲೆ ಮೊದಲ ಗುಂಡು ಅವಳದು. ನನಗೆ ನೇರವಾಗಿ ಬರೆಯಬೇಕು, ಅವಳದೇ ಕೈಬರಹದಲ್ಲಿ. ನೀನು ಪಕ್ಕದಲ್ಲಿ ಕೂತು ಹೇಳಿಕೊಡಬಾರದು.

ನನ್ನ ಹಡಗುಗಳನ್ನು ಈ ಸಂಜೆಯೇ ಇಟ್ಟಿದ್ದೇನೆ. ಅವಳ ತಾಯಿಹಡಗು ಎಲ್ಲಿದೆ ಎಂದು ಗೊತ್ತಾದ ದಿನವೇ ಹೊಡೆಯುತ್ತೇನೆ. ಕಾಯುವುದಿಲ್ಲ.

ನಿನ್ನ
ಸಿರಿ